ನಲವತ್ತೊಂದು ನಿಮಿಷ

ಅಮ್ಮನ ಗಂಟಲು ಕಟ್ಟಿದ್ದು ನನಗೆ ಅನುಕೂಲವಾಯಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾನಾಗ ಮಾಧ್ಯಮ ವಿಭಾಗದ ಕೊನೆಯ ವರ್ಷದಲ್ಲಿದ್ದೆ. ಇಲ್ಲದ ಸಿನಿಮಾವೊಂದಕ್ಕೆ ನಲವತ್ತು ಸೆಕೆಂಡಿನ ಟೀಸರ್ ಮಾಡಿಕೊಡಬೇಕಿತ್ತು. ಅದಕ್ಕೂ ಮುಂಚೆ ಸಂಶೋಧನೆ, ಯೋಜನೆ ಎಲ್ಲ ಬರೆದ ಫೈಲು ಒಪ್ಪಿಸಬೇಕು. ಎಡಿಟಿಂಗ್ ಕಲಿಸುವವರಿಗೆ ನಾವಿಟ್ಟ ಹೆಸರು ಕತ್ತರಿ ಮೇಷ್ಟ್ರು. "ಮೂವತ್ತು ಟೀಸರ್ ನೋಡ್ಕೊಂಡು ಬನ್ನಿ. ಸಿನಿಮಾ ನೋಡೋ ಹಾಗಲ್ಲ, ಹೆಣ ಕೊಯ್ಯೋ ಹಾಗೆ" ಅಂದಿದ್ದರು. ನೋಡಿದೆ. ಲೆಕ್ಕದ ಪುಸ್ತಕದಲ್ಲಿ ಗೆರೆ ಎಳೆದು ಬರೆದೆ: ಎಷ್ಟು ಶಾಟು, ಎಷ್ಟನೇ ಸೆಕೆಂಡಿಗೆ ಪರದೆ ಕಪ್ಪಾಗುತ್ತದೆ, ಮುಖ ಯಾವಾಗ, ಮಾತು ಯಾವಾಗ. ಮೂವತ್ತರಲ್ಲಿ ಇಪ್ಪತ್ತನಾಲ್ಕರಲ್ಲಿ ಮುಖಕ್ಕಿಂತ ಮೊದಲು ಮಾತು ಬರುತ್ತಿತ್ತು. ಆಮೇಲೆ ಪ್ರಶ್ನಾವಳಿ ಹಿಡಿದು ಚಿತ್ರಮಂದಿರದ ಸಾಲಿನಲ್ಲಿ ನಿಂತವರನ್ನು ಕೇಳಿದೆ. ಒಬ್ಬ ಮುದುಕ "ಟೀಸರ್ ಅಂದ್ರೆ ಏನಮ್ಮ?" ಅಂದ. ವಿವರಿಸಿದೆ. "ಓ, ಊಟಕ್ಕೆ ಕರೆದು ಬರೀ ವಾಸನೆ ತೋರಿಸಿ ಕಳ್ಸೋದು" ಅಂದ. ಅದನ್ನೂ ಫೈಲಿಗೆ ಸೇರಿಸಿದೆ.

ನನ್ನ ಸಿನಿಮಾ ಭಯದ್ದು. ಒಂದು ಮನೆ, ಮುಚ್ಚಿದ ಬಾಗಿಲು, ಒಳಗಿನಿಂದ ಹೆಂಗಸಿನ ದನಿ: "ಬಾಗಿಲು ತೆಗೀಬೇಡ. ಹೊರಗೆ ನಿಂತಿರೋಳು ನಾನಲ್ಲ." ಇಡೀ ಟೀಸರಿಗೆ ಅಷ್ಟೇ ಮಾತು. ತರಗತಿಯ ಹುಡುಗಿಯರ ಹತ್ತಿರ ಓದಿಸಿದೆ. ಎಲ್ಲರೂ ಸೋಪಿನ ಜಾಹೀರಾತಿನ ಹಾಗೆ ಓದಿದರು.

ಅಮ್ಮನ ದನಿ ಒಡೆದು ಆಗಲೇ ಏಳು ವಾರವಾಗಿತ್ತು. ಅವಳು ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿದ್ದಳು. ಇಪ್ಪತ್ತೊಂದು ವರ್ಷದಿಂದ ಗಾಜಿನ ಸಣ್ಣ ತೂತಿನ ಮೂಲಕ ಕೂಗುವುದೇ ಕೆಲಸ. "ಡ್ರೈವರ್‌ಗೆ ಬೆನ್ನು ಹೋಗತ್ತೆ, ನಮಗೆ ಗಂಟಲು" ಅನ್ನುತ್ತ ಉಪ್ಪುನೀರು ಮುಕ್ಕಳಿಸುತ್ತಿದ್ದಳು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು, ದಪ್ಪಗಾಗಿದ್ದಾಳೆ ಎಂದುಕೊಂಡಿದ್ದೆವು. ಒಂದು ಸೋಮವಾರ ಬೆಳಿಗ್ಗೆ ಅಡುಗೆಮನೆಯಿಂದ "ಎದ್ದೇಳೇ, ನಲ್ಲಿ ನಿಂತುಹೋಗತ್ತೆ" ಎಂದು ಕೂಗಿದಳು. ಒಡಕು ದನಿ, ಅದರ ತಳದಲ್ಲಿ ಯಾರೋ ಮರಳು ಉಜ್ಜುತ್ತಿರುವ ಹಾಗೆ. ಹಾಸಿಗೆಯಲ್ಲೇ ಎದ್ದು ಕೂತೆ. ಊರೆಲ್ಲ ಹುಡುಕಿದ ಹೆಂಗಸು ನಮ್ಮ ಅಡುಗೆಮನೆಯಲ್ಲಿದ್ದಳು. ಟೀಸರಿನ ಮಾತು ನೀನೇ ಹೇಳಬೇಕು ಎಂದು ದುಂಬಾಲುಬಿದ್ದೆ.

"ಅಯ್ಯೋ, ನಾಳೆ ರಜೆ ಹಾಕಿದ್ದೀನಿ. ಡಾಕ್ಟ್ರಿಗೆ ತೋರಿಸ್ಬೇಕು" ಅಂದಳು.

"ಮುಂದಿನ ವಾರ ತೋರಿಸಮ್ಮ. ರೆಕಾರ್ಡಿಂಗ್ ರೂಮು ಸಿಗೋದೇ ಶುಕ್ರವಾರ. ಅವರು ಮಾತ್ರೆ ಕೊಟ್ಟು ಸರಿಮಾಡ್ಬಿಟ್ರೆ?"

"ಎಂಥ ಮಗಳನ್ನ ಹೆತ್ತೆ ನೋಡಿ. ತಾಯಿ ಗಂಟಲು ಸರಿಹೋದ್ರೆ ಇವಳಿಗೆ ಕಷ್ಟ."

ಅಪ್ಪ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಇಸ್ತ್ರಿ ಮಾಡುತ್ತಲೇ "ಇರ್ಲಿ ಬಿಡು, ಮನೇಲಿ ಇನ್ನೊಂದು ವಾರ ಶಾಂತಿ" ಅಂದ.

"ನನ್ನ ದನಿ ಸತ್ರೂ ನಿಮಗೆ ಬೈಗುಳ ತಪ್ಪಲ್ಲ" ಅಂದಳು ಅಮ್ಮ.

ಮೂವರೂ ನಕ್ಕೆವು. ವೈದ್ಯರ ಭೇಟಿ ಒಂಬತ್ತು ದಿನ ಮುಂದಕ್ಕೆ ಹೋಯಿತು.

ಶುಕ್ರವಾರ ಮಧ್ಯಾಹ್ನ ಪಾಳಿ ಮುಗಿಸಿ, ಯೂನಿಫಾರ್ಮ್ ಸೀರೆಯಲ್ಲೇ ಕಾಲೇಜಿಗೆ ಬಂದಳು. ರೆಕಾರ್ಡಿಂಗ್ ರೂಮಿನ ಗೋಡೆಯ ಉಬ್ಬುತಗ್ಗಿನ ಫೋಮ್ ಮುಟ್ಟಿ ನೋಡಿ, "ಮೊಟ್ಟೆ ತಟ್ಟೆ ಯಾಕೆ ಅಂಟಿಸಿದ್ದಾರೆ?" ಅಂದಳು.

"ಹೊರಗಿನ ಗಲಾಟೆ ಕೇಳಿಸಬಾರದು ಅಂತ."

"ನಮ್ಮ ಕೌಂಟರ್‌ಗೂ ಹಾಕಿಸ್ಬೇಕು ಕಣೆ."

ರೆಕಾರ್ಡರ್ ಒಮ್ಮೆ ಒತ್ತಿದ ಮೇಲೆ ನಿಲ್ಲಿಸಬಾರದು ಎಂಬುದು ಕತ್ತರಿ ಮೇಷ್ಟ್ರ ಪಾಠ. ಅಭ್ಯಾಸವಿಲ್ಲದವರು ಗುಂಡಿಯ ಸದ್ದು ಕೇಳಿದರೆ ಮರವಾಗುತ್ತಾರೆ. ನಾನು ನಿಲ್ಲಿಸಲಿಲ್ಲ. ಮೊದಲ ಹತ್ತು ಸಲ ಅಮ್ಮ ಪ್ರಯಾಣಿಕರ ಗಮನಕ್ಕೆ ಎನ್ನುವ ರಾಗದಲ್ಲೇ ಹೇಳಿದಳು.

"ಅಮ್ಮ, ಬಸ್ಸು ಹೊರಡ್ತಾ ಇಲ್ಲ."

"ಮತ್ತೆ ಯಾರಿಗೆ ಹೇಳ್ತಾ ಇದ್ದೀನಿ ಅಂತ ಹೇಳು. ಎದುರಿಗೆ ಯಾರು ಅಂತ ಗೊತ್ತಿಲ್ದೆ ಏನಂತ ಬಾಯಿ ಬಿಡ್ಲಿ?"

"ನಿನ್ನ ಮಗಳಿಗೆ."

ಮೈಕು ಬಿಟ್ಟು ನನ್ನನ್ನೇ ನೋಡುತ್ತ ಹೇಳಿದಳು. ನನ್ನ ಕೈಮೇಲಿನ ಕೂದಲು ನಿಂತಿತು. ಇನ್ನೂ ಹಲವು ಸಲ ಹೇಳಿಸಿದೆ. ನಡುನಡುವೆ ಅವಳ ಬಾಯಿ ಬಿಡುವು ಪಡೆಯಲಿಲ್ಲ. ದಿನಾ ಬಂದು ಒಂದೇ ಬಸ್ಸಿನ ಹೊತ್ತು ಕೇಳಿ, ಹತ್ತದೆ ಹೋಗುವ ಗಂಡಸಿನ ವಿಷಯ ಹೇಳಿದಳು. ನಾನು ಹುಟ್ಟಿದ ದಿನ ಅಪ್ಪ ಎರಡು ಕಾಲಿಗೆ ಎರಡು ಥರದ ಚಪ್ಪಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿಬಂದದ್ದನ್ನು ಹೇಳಿ ಕೆಮ್ಮುವಷ್ಟು ನಕ್ಕಳು. ಅಪ್ಪನ ಫೋನು ಬಂತು. ಗ್ಯಾಸ್ ಆರಿಸಿದ್ದೀರಾ ಇಲ್ಲವಾ ಎಂದು ಎರಡು ನಿಮಿಷ ಬೈದಳು. ಎಲ್ಲ ಸೇರಿ ನಲವತ್ತೊಂದು ನಿಮಿಷ.

ಲ್ಯಾಬಿನ ಕಂಪ್ಯೂಟರುಗಳಲ್ಲಿ ನಲವತ್ತು ಜನರ ಕೆಲಸ ತುಂಬಿರುತ್ತದೆ. ಆಯ್ದ ತುಣುಕು ಉಳಿಸಿ ಮಿಕ್ಕದ್ದನ್ನು ಅಂದೇ ಅಳಿಸಬೇಕು. "ಕಸ ಕೂಡಿಡೋನು ಎಡಿಟರ್ ಅಲ್ಲ, ಗುಜರಿಯವನು" ಎಂದು ಮೇಷ್ಟ್ರು ವರ್ಷವಿಡೀ ಹೇಳಿದ್ದರು. ತರಗತಿಯಲ್ಲಿ ನನ್ನಷ್ಟು ಚೊಕ್ಕ ಕೆಲಸದವರು ಇರಲಿಲ್ಲ. ಇಪ್ಪತ್ತೆರಡು ಸಲ ಹೇಳಿದ್ದನ್ನೂ ಕತ್ತರಿಸಿ ಸಾಲಾಗಿಟ್ಟೆ. ಹಿಂದುಮುಂದಿನ ಉಸಿರನ್ನೂ ಒರೆಸಿದೆ. ಒಂದೊಂದೂ ಆರು ಸೆಕೆಂಡು. ಉಳಿದದ್ದು ಒಟ್ಟು ಎರಡು ನಿಮಿಷ ಹನ್ನೆರಡು ಸೆಕೆಂಡು. ಮೂಲ ಅಳಿಸಿದೆ. ರೆಕಾರ್ಡರಿನ ಕಾರ್ಡು ಖಾಲಿ ಮಾಡಿ ಮುಂದಿನವಳ ಕೈಗೆ ಕೊಟ್ಟೆ.

ಮೇಷ್ಟ್ರು ಕೇಳಿ ಹೆಡ್‌ಫೋನ್ ತೆಗೆದರು. "ಎಲ್ಲಿಂದ ಹಿಡಿದು ತಂದೆ ಈ ದನೀನ?"

"ನಮ್ಮಮ್ಮ ಸರ್. ಗಂಟಲು ಕೆಟ್ಟಿದೆ."

"ಕೆಡಲಿ ಬಿಡು, ಚಿನ್ನದಂಥ ದನಿ" ಅಂದರು. ನಾನೂ ಹೆಮ್ಮೆಯಿಂದ ನಕ್ಕೆ.

ಮುಂದಿನ ಗುರುವಾರದ ಹೊತ್ತಿಗೆ ಅಮ್ಮನಿಗೆ ಉಸಿರೆಳೆದರೆ ಸಿಳ್ಳೆಯಂಥ ಸದ್ದು ಬರುತ್ತಿತ್ತು. ವೈದ್ಯರು ಮೂಗಿನಿಂದ ತೆಳುವಾದ ಕ್ಯಾಮೆರಾ ಇಳಿಸಿ ನೋಡಿದರು. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ. ಉಸಿರಿನ ದಾರಿ ಕಾಲುಭಾಗವೂ ಉಳಿದಿರಲಿಲ್ಲ. ಮನೆಗೆ ಹೋಗಿ ಬರುವುದಕ್ಕೂ ಬಿಡದೆ ಅಂದೇ ಕತ್ತಿನಲ್ಲಿ ರಂಧ್ರ ಮಾಡಿ ನಳಿಗೆ ಕೂರಿಸಿದರು. ಒಳಗೆ ಹೋಗುವಾಗ ಅಮ್ಮ ನನಗೆ ಹೇಳಿದ್ದು, "ಚೀಲದ ಜಿಪ್ಪು ಕಿತ್ತಿದೆ, ಅಡಿಗೆ ಕೈಕೊಟ್ಟು ಹಿಡ್ಕೋ." ಅಲ್ಲಿಂದಾಚೆಗೆ ಅವಳು ಮಾತಾಡಲಿಲ್ಲ. ಮೂರು ವಾರದ ನಂತರ ಧ್ವನಿಪೆಟ್ಟಿಗೆಯನ್ನು ಪೂರ್ತಿಯಾಗಿ ತೆಗೆದರು.

ವೈದ್ಯರನ್ನು ಕಾರಿಡಾರಿನಲ್ಲಿ ತಡೆದು ಒಂಬತ್ತು ದಿನದ ವಿಷಯ ಹೇಳಿದೆ. "ಒಂಬತ್ತು ದಿನದಿಂದ ಏನೂ ಆಗಲ್ಲಮ್ಮ. ಎರಡು ತಿಂಗಳು ಮುಂಚೆ ಬಂದಿದ್ರೆ ಬೇರೆ ಮಾತಿತ್ತು" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಎರಡು ತಿಂಗಳ ಹಿಂದೆ ನಾನು ಅವಳನ್ನು ತಡೆದಿರಲಿಲ್ಲ. ಕರೆದುಕೊಂಡೂ ಹೋಗಿರಲಿಲ್ಲ.

ಆಸ್ಪತ್ರೆಯ ಬೆಂಚಿನಲ್ಲಿ ಕೂತು ಫೋನೆಲ್ಲ ಜಾಲಾಡಿದೆ. ಅಮ್ಮ ಯಾವತ್ತೂ ಧ್ವನಿ ಸಂದೇಶ ಕಳಿಸಿದವಳಲ್ಲ. "ದಿನವಿಡೀ ಗಾಜಿಗೆ ಕೂಗಿ ಬಂದಿದ್ದೀನಿ, ಈಗ ಈ ಡಬ್ಬಕ್ಕೂ ಕೂಗಲಾ?" ಅನ್ನುತ್ತಿದ್ದಳು. ಚಿಕ್ಕಮ್ಮನ ಮಗಳ ಮದುವೆ ವಿಡಿಯೊದಲ್ಲಿ ಅವಳ ಬಾಯಿ ಆಡುತ್ತದೆ. ಮೇಲೆ ಯಾವುದೋ ಹಾಡು ಹಾಕಿದ್ದಾರೆ. ಲ್ಯಾಬಿಗೆ ಓಡಿದೆ. ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಎರಡು ದಿನ ಓಡಿಸಿದೆ. ಯಾರದೋ ಸಂದರ್ಶನದ ಚೂರುಗಳು, ಯಾರೋ ಮೈಕ್ ತಟ್ಟಿದ ಸದ್ದು, ಇಷ್ಟೇ ಸಿಕ್ಕಿದ್ದು. ಲ್ಯಾಬ್ ಸಹಾಯಕರು "ಅದರ ಮೇಲೆ ಮೂರು ಬ್ಯಾಚಿನ ಕೆಲಸ ಬಂದು ಕೂತಿದೆ. ಬೂದೀಲಿ ಬಟ್ಟೆ ಹುಡುಕ್ಬೇಡ" ಅಂದರು.

ಅಮ್ಮನಿಗೆ ಹೇಳಿಬಿಟ್ಟೆ. ಅವಳು ಆಗಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯುವುದನ್ನು ರೂಢಿ ಮಾಡಿಕೊಂಡಿದ್ದಳು. "ಅದರಲ್ಲಿ ಏನೇನು ಮಾತಾಡಿದ್ದೆ?" ಎಂದು ಬರೆದಳು. ಚಪ್ಪಲಿ, ಗ್ಯಾಸು, ಬಸ್ಸು ಹತ್ತದ ಗಂಡಸು ಎಂದು ಒಂದೊಂದಾಗಿ ಹೇಳಿದೆ. ಓದಿದ ಪಾಠ ಒಪ್ಪಿಸಿದ ಹಾಗಿತ್ತು. ಅಮ್ಮ ಗೋಡೆ ನೋಡುತ್ತ ಕೇಳಿಸಿಕೊಂಡಳು. ಆಮೇಲೆ ಬರೆದಳು: "ಅಪ್ಪನಿಗೆ ಹೇಳಬೇಡ."

ಟೀಸರಿಗೆ ಬೇರೆಯವರ ದನಿ ಹಾಕುತ್ತೇನೆ ಅಂದೆ. ಅವಳು ಒಪ್ಪಲಿಲ್ಲ. "ಇಪ್ಪತ್ತೆರಡು ಸಲ ಹೇಳಿಸಿದ್ದೀಯ. ಅದನ್ನೇ ಹಾಕು" ಎಂದು ಬರೆದು, 'ಅದನ್ನೇ' ಎಂಬುದರ ಕೆಳಗೆ ಎರಡು ಗೆರೆ ಎಳೆದಳು.

ಮುಗಿಸಿದ ಟೀಸರನ್ನು ಒಂದು ಭಾನುವಾರ ಬೆಳಿಗ್ಗೆ ಮನೆಗೆ ತಂದೆ. ಅಮ್ಮನ ಮುಂದೆ ಲ್ಯಾಪ್‌ಟಾಪ್ ಇಟ್ಟು ಒತ್ತಿದೆ. ಕಪ್ಪು ಪರದೆ, ನೀರು ತೊಟ್ಟಿಕ್ಕುವ ಸದ್ದು, ಒಂಬತ್ತನೇ ಸೆಕೆಂಡಿಗೆ ದನಿ: "ಬಾಗಿಲು ತೆಗೀಬೇಡ..."

"ಏನೇ? ಇರು, ಬಂದೆ" ಎಂದ ಅಪ್ಪ ಬಚ್ಚಲಮನೆಯಿಂದ.

ಮದುವೆಯಾದಾಗಿನಿಂದ ಕೊಡುತ್ತಿದ್ದ ಉತ್ತರ ಅದು. ಯೋಚಿಸಿ ಹೇಳಿದ್ದಲ್ಲ. ಕಾಲಿನ ನೀರೂ ಒರೆಸಿಕೊಳ್ಳದೆ ಬಂದ. ಅರ್ಧ ಮುಖ ಬೋಳಿಸಿತ್ತು, ಅರ್ಧದ ಮೇಲೆ ನೊರೆ. ಮುಚ್ಚಿದ ಬಾಯಿಯ ಅಮ್ಮನನ್ನು ನೋಡಿದ, ಲ್ಯಾಪ್‌ಟಾಪನ್ನು ನೋಡಿದ. ರೇಜರ್ ಹಿಡಿದ ಕೈ ಕೆಳಗಿಳಿಯಿತು. ನಾನು ನಿಲ್ಲಿಸಲು ಹೋದೆ.

"ಇರ್ಲಿ. ಇನ್ನೊಂದ್ಸಲ ಹಾಕು."

ಹಾಕಿದೆ. ಮೂರು ಸಲ ಕೇಳಿದ. ನೊರೆ ಒಣಗುತ್ತಿತ್ತು.

"ಇದು ಹೆದರಿಸೋ ಮಾತು" ಅಂದ. "ಅವತ್ತು ನಾನು ಫೋನ್ ಮಾಡಿದ್ದೆನಲ್ಲ, ಬೈದಳಲ್ಲ. ಅದೂ ಇದರಲ್ಲಿ ಸಿಕ್ಕಿರಬೇಕಲ್ವಾ?"

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಅಮ್ಮ ನೋಟ್‌ಬುಕ್ ಎಳೆದುಕೊಂಡು ಬೇಗ ಬೇಗ ಬರೆದು ಅವನತ್ತ ತಿರುಗಿಸಿದಳು: "ಕಾಲೇಜಲ್ಲಿದೆ. ತರ್ತಾಳೆ."

ಅಪ್ಪ ಓದಿದ. ನನ್ನ ಮುಖ ನೋಡಿದ. "ತಾ. ಅವಸರ ಏನಿಲ್ಲ" ಎಂದು ಒಳಗೆ ಹೋದ. ನಲ್ಲಿ ತಿರುಗಿಸಿದ ಸದ್ದು ಕೇಳಿಸಿತು. ಬಹಳ ಹೊತ್ತು ನೀರು ಸುಮ್ಮನೆ ಹರಿಯಿತು.

ಟೀಸರಿಗೆ ತರಗತಿಯಲ್ಲಿ ಮೊದಲ ಸ್ಥಾನ ಬಂತು. ಕೋರ್ಸು ಮುಗಿದು ಈಗ ಐದು ತಿಂಗಳು. ಅಪ್ಪ ವಾರಕ್ಕೊಮ್ಮೆ, ಬೇರೇನೋ ಹೇಳುತ್ತಿದ್ದವನು ತಟ್ಟನೆ ನೆನಪಾದಂತೆ "ಸಿಕ್ತಾ ಅದು?" ಎಂದು ಕೇಳುತ್ತಾನೆ. ಲ್ಯಾಬಿಗೆ ಇನ್ನೂ ರಜೆ ಅನ್ನುತ್ತೇನೆ. ಅಮ್ಮ ಪಕ್ಕದಲ್ಲೇ ಕೂತು ಹೌದೆಂದು ತಲೆಯಾಡಿಸುತ್ತಾಳೆ. ಇಷ್ಟು ದಿನ ಎಂಥ ರಜೆ ಎಂದು ಅಪ್ಪ ಈವರೆಗೆ ಕೇಳಿಲ್ಲ.