ದರ್ಜಿಯ ಹೆಂಡತಿಗೆ ಕಣ್ಣು ಬಂದದ್ದು

ಹೆಂಡತಿಯ ಕಣ್ಣಿನ ಪೊರೆ ತೆಗೆಸಲೇಬೇಕೆಂದು ಹಟ ಹಿಡಿದವನು ದರ್ಜಿಯೇ. ಕೈ ಹಿಡಿದು ಆಸ್ಪತ್ರೆಗೆ ಕರೆದೊಯ್ದವನೂ ಅವನೇ. ಆದರೆ ಪಟ್ಟಿ ಬಿಚ್ಚಿದ ಮೇಲೆ ಆಕೆ ಗೋಡೆಯ ಮೇಲಿನ ಹಲ್ಲಿಯನ್ನು ಗುರುತಿಸಿ ಮಗುವಿನಂತೆ ನಕ್ಕಾಗ ಇವನಿಗೆ ಅಂಗಡಿಯಲ್ಲಿ ತೂಗುಹಾಕಿದ್ದ ಅಂಗಿಗಳು ನೆನಪಾದವು. ಮಾಡಿಸಿದ್ದು ಒಳ್ಳೆಯ ಕೆಲಸವೇ, ಆದರೆ ಅದು ಎರಡಲಗಿನ ಕತ್ತಿ ಅನ್ನುವುದು ಮಹಾಶಯನಿಗೆ ಆಗ ಹೊಳೆಯಿತು!

ಸಂಗತಿ ಇಷ್ಟೇ. ಅಂಗಿಗೆ ಗುಂಡಿ ತೂರಿಸುವ ಕಾಜಾ ಹೊಲಿಯುವುದು ಮದುವೆಯಾದಾಗಿನಿಂದ ಆಕೆಯ ಕೆಲಸ. ಕಣ್ಣು ಮಂಜಾದ ಮೇಲೆ ಹೊಲಿಗೆ ಎತ್ತೆತ್ತಲೋ ಹೋಗತೊಡಗಿತು. ಬೇಡ ಅಂದರೆ ಆಕೆ ಅಂಗಡಿಗೆ ಬರುವುದನ್ನೇ ಬಿಟ್ಟಾಳು, ಯಂತ್ರದ ಪಕ್ಕದ ಸ್ಟೂಲು ಖಾಲಿಯಾದೀತು. ಅದನ್ನು ನೆನೆದರೇ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನ ಆಕೆ ಕೋಳಿನಿದ್ದೆ ತೆಗೆಯುವಾಗ ಸೊಟ್ಟ ಕಾಜಾಗಳನ್ನೆಲ್ಲ ಬಿಚ್ಚಿ ತಾನೇ ಹೊಲಿದಿಡುತ್ತಿದ್ದ. ಎದ್ದ ಮೇಲೆ, ಎಂಥಾ ಪಳಗಿದ ಕೈ ನಿನ್ನದು ಎಂದು ಹೊಗಳುವುದು ಬೇರೆ. ಪಾಪದವನು ಕಣ್ರೀ, ಆದರೆ ಭಲೇ ಕಳ್ಳ.

ಮರುದಿನ ಅಂಗಡಿಗೆ ಬಂದವಳೇ ತೂಗುಹಾಕಿದ್ದ ಅಂಗಿಯೊಂದನ್ನು ಬೆಳಕಿಗೆ ಹಿಡಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ದರ್ಜಿ ಬಟ್ಟೆಯೇ ಇಲ್ಲದ ಯಂತ್ರವನ್ನು ತುಳಿಯುತ್ತ ಕೂತ. ಆಕೆ ಇನ್ನೊಂದು ಅಂಗಿ ತೆಗೆದಳು, ಮತ್ತೊಂದನ್ನೂ ನೋಡಿದಳು. ಅವಳು ಕಾಜಾದ ಕೊನೆಯಲ್ಲಿ ಯಾವಾಗಲೂ ಎರಡು ಗಂಟು ಹಾಕುವವಳು. ಇಲ್ಲೆಲ್ಲ ಇದ್ದದ್ದು ಒಂದೇ ಗಂಟು.

“ಇಷ್ಟು ದಿನ ನೀವು ಹೊಗಳಿದ್ದು ನಿಮ್ಮ ಕೈಯನ್ನೇ ಏನ್ರೀ?”

ದರ್ಜಿ ತಲೆ ತಗ್ಗಿಸಿದ. ಮಧ್ಯಾಹ್ನ ನೀನು ಮಲಗಿದಾಗ ನಾನೇ ಬಿಚ್ಚಿ ಹೊಲಿದೆ, ನೀನು ಮನೇಲೇ ಉಳಿದುಬಿಡ್ತೀಯೇನೋ ಅಂತ ಹೆದರಿದೆ ಎಂದು ತಡವರಿಸುತ್ತ ಒಪ್ಪಿಕೊಂಡ. ಆಕೆಗೆ ಸಿಟ್ಟು ಬಂತು, ಹಿಂದೆಯೇ ಅಳುವೂ ಬಂತು. ಅಂಗಿ ಹಿಡಿದುಕೊಂಡೇ ಬಾಗಿಲ ಕಡೆ ನಡೆದುಬಿಟ್ಟಳು. ಇನ್ನು ಆ ಸ್ಟೂಲು ಖಾಲಿಯೇ ಅಂದುಕೊಂಡ ದರ್ಜಿ. ಬೇಕಿತ್ತಾ ಇದೆಲ್ಲ ಎಂದು ತನ್ನನ್ನೇ ಬೈದುಕೊಂಡ.

ಬಾಗಿಲಲ್ಲಿ ಆಕೆ ನಿಂತಳು. ಅಲ್ಲಿನ ಬಿಸಿಲಲ್ಲಿ ಕಾಜಾಗಳನ್ನು ಒಂದೊಂದಾಗಿ ಬೆರಳಲ್ಲಿ ಸವರಿ, ಕಣ್ಣಲ್ಲೂ ನೋಡಿದಳು. ಗಂಡನ ಹೊಲಿಗೆಯೂ ಅಲ್ಲಲ್ಲಿ ದಾರಿ ತಪ್ಪಿತ್ತು, ಥೇಟ್ ಕಣ್ಣು ಮಂಜಾಗತೊಡಗಿದಾಗ ಅವಳದ್ದು ಮೊದಮೊದಲು ತಪ್ಪುತ್ತಿದ್ದ ಹಾಗೆ. ಆಕೆ ತಿರುಗಿ ಬಂದು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತಳು.

“ನಿಮ್ಮ ಕಣ್ಣೂ ಮಂಜಾಗ್ತಿದೆ. ನಾಳೆ ಆಸ್ಪತ್ರೆಗೆ ಹೋಗೋಣ,” ಅಂದು ಸೂಜಿಗೆ ನೂಲು ಪೋಣಿಸಿದಳು. “ಕಣ್ಣು ಸರಿಹೋಗೋವರೆಗೆ ಮಧ್ಯಾಹ್ನ ನೀವು ಮಲಗಿ.”