ಅಳಿಯನ ಬ್ಯಾಂಡ್‌ಸಾ

ವಿಮಾ ಕಚೇರಿಯ ಗುಮಾಸ್ತನಾದ ಅಳಿಯ ಮನೆಯ ಹಿಂದಿನ ಶೆಡ್ಡಿನಲ್ಲಿ ಮರ ಕೊಯ್ಯುವ ಬ್ಯಾಂಡ್‌ಸಾ ಯಂತ್ರ ತಂದು ನಿಲ್ಲಿಸಿದ್ದು ನೋಡಿಯೇ, ನಲವತ್ತು ವರ್ಷ ಕೈಗರಗಸ ಎಳೆದ ಬಡಗಿ ಮಾವನ ಮೈ ಉರಿದಿತ್ತು. ತಂದು ಎರಡು ತಿಂಗಳಾಯಿತು, ಒಂದು ಕಡ್ಡಿ ಸೀಳಿದ್ದರೆ ಕೇಳಿ! ದಿನವೂ ಪುಸ್ತಿಕೆ ತೆರೆದಿಟ್ಟುಕೊಂಡು, ಮೇಲಿನ ಚಕ್ರ ಕೆಳಗಿನ ಚಕ್ರ ಒಂದೇ ನೇರಕ್ಕಿವೆಯೇ ಎಂದು ದಾರ ಹಿಡಿದು ನೋಡುವುದು. ಇಲ್ಲದ ಹೊಟ್ಟನ್ನು ಬ್ರಷ್ಷಿನಿಂದ ಉಜ್ಜುವುದು. ಆಮೇಲೆ ಎರಡೂ ಚಕ್ರ ಬಳಸುವ ದೊಡ್ಡ ಬಳೆಯಂಥ ಬ್ಲೇಡು ಸಡಿಲಿಸಿ, ಮೂರು ಸುತ್ತು ಮಡಚಿ ಮೊಳೆಗೆ ನೇತುಹಾಕುವುದು.

"ಹಸುಗೂಸಿಗೆ ಮಾಡ್ದಂಗೆ ಮಾಡ್ತಾರಲ್ಲೇ ನಿನ್ನ ಗಂಡ," ಎಂದು ಮಾವ ಮಗಳ ಮುಂದೆ ಮೂಗು ಮುರಿದಿದ್ದ.

ಮಗಳು ಏಳು ತಿಂಗಳ ಬಸುರಿ. ಮೊಮ್ಮಗುವಿನ ತೊಟ್ಟಿಲಿಗೆಂದೇ ಅವನು ಒಂದು ತೇಗದ ಹಲಗೆ ಕಾದಿರಿಸಿದ್ದ. ಹೆಂಡತಿ ಬದುಕಿದ್ದಾಗ ಅವಳೇ ಮುಟ್ಟಿ ನೋಡಿ ಆರಿಸಿದ್ದು. ದಪ್ಪದಲ್ಲಿ ಎರಡಾಗಿ ಸೀಳಿದರೆ ತೊಟ್ಟಿಲಿನ ಎರಡು ಪಕ್ಕಕ್ಕೂ ಸರಿಯಾಗುತ್ತಿತ್ತು. ಅಂಥದ್ದು ಇನ್ನೊಂದಿರಲಿಲ್ಲ. ಆದರೆ ಈಗ ಅವನ ಕೈ ನಡುಗುತ್ತದೆ, ಗರಗಸ ನೇರ ಹೋಗುವುದಿಲ್ಲ. ಅಳಿಯನ ಯಂತ್ರದ ಮುಂದೆ ಬಂದು ನಿಲ್ಲಬೇಕಾದ ಸಿಟ್ಟು ಬೇರೆ.

ಮಾವ ಹಲಗೆ ತಂದಿಟ್ಟಾಗ ಅಳಿಯ ಮೊಳೆಯಿಂದ ಬ್ಲೇಡು ತೆಗೆದ.

"ಸರೀರಿ ಪಕ್ಕಕ್ಕೆ, ಅಳಿಯಂದ್ರೇ. ಪುಸ್ತಕ ಓದಿ ಮರ ಕೊಯ್ಯೋಕಾಗಲ್ಲ," ಎಂದು ಮಾವ ಅದನ್ನು ಕಿತ್ತುಕೊಂಡ. ಸುರುಳಿ ಚಿಮ್ಮಿ ಬಿಚ್ಚಿಕೊಂಡಿತು. ಅದನ್ನು ಹಾಗೇ ಚಕ್ರಗಳಿಗೆ ಏರಿಸಿ ಬಿಗಿ ಮಾಡಿದ.

"ಮಾವ, ಹಲ್ಲು ಒಂದ್ಸಲ ನೋಡಿ..."

"ನಿಮಗೆ ಹಾಲುಹಲ್ಲು ಬರೋಕೆ ಮುಂಚೆನೇ ಗರಗಸದ ಹಲ್ಲು ಮಸೆದವನು ನಾನು!"

ಸ್ವಿಚ್ ಒತ್ತಿ ಹಲಗೆ ತಳ್ಳಿದ. ಅದು ಮುಂದೆ ಹೋಗಲಿಲ್ಲ. ಯಂತ್ರಕ್ಕೆ ಶಾಪ ಹಾಕುತ್ತ ಮೈಭಾರವೆಲ್ಲ ಬಿಟ್ಟು ಒತ್ತಿದ. ಹೊಗೆ ಎದ್ದಿತು, ಹಲಗೆ ಸುಡುತ್ತಲೇ ಇಂಚಿಂಚಾಗಿ ಒಳಸರಿಯಿತು. ಅಳಿಯ ಓಡಿಬಂದು ಸ್ವಿಚ್ ಆರಿಸುವಷ್ಟರಲ್ಲಿ ಹಲಗೆಯ ತುದಿ ಗೇಣುದ್ದ ಕಪ್ಪಗಾಗಿ ಸೀದುಹೋಗಿತ್ತು.

ಮಾವ ಬಗ್ಗಿ ನೋಡಿದ. ಬ್ಲೇಡಿನ ಹಲ್ಲೆಲ್ಲ ಮೇಲ್ಮುಖ. ಸುರುಳಿ ಚಿಮ್ಮಿದಾಗ ಬ್ಲೇಡು ಒಳಹೊರಗಾಗಿತ್ತು. ಕೆಳಕ್ಕೆ ಓಡುವ ಬ್ಲೇಡು ಮರವನ್ನು ಕೊಯ್ಯದೆ ಬರೀ ತಿಕ್ಕಿ ಸುಟ್ಟಿತ್ತು. ಇನ್ನು ತೊಟ್ಟಿಲು ಒಂದು ಗೇಣು ಗಿಡ್ಡ.

ಸೀದ ವಾಸನೆಗೆ ಮಗಳು ಬಂದಳು. ಹಲಗೆ ನೋಡಿ ಅವಳ ಕಣ್ಣು ತುಂಬಿತು. "ಅಮ್ಮನ ಹಲಗೆ! ಯಾರು ಮಾಡಿದ್ದು?"

"ನಾನೇ," ಎಂದ ಅಳಿಯ. "ಬ್ಲೇಡು ತಿರುಗುಮುರುಗು ಹಾಕ್ಬಿಟ್ಟೆ."

ಮಾವ ನಿಜ ಹೇಳಲೆಂದೇ ಬಾಯಿ ತೆರೆದ. "ಬಡ್ಕೊಂಡೆ ನಾನು, ಕೇಳಿದ್ರೆ ತಾನೇ!" ಎಂದುಬಿಟ್ಟ. ಹೇಳಿದ ಮೇಲೆ ಅವನಿಗೇ ಹೇಸಿಗೆಯಾಯಿತು.

ಅಳಿಯ ಬ್ಲೇಡು ಬಿಚ್ಚಿ, ಒಳಹೊರಗು ತಿರುಗಿಸಿ, ಚಕ್ರದ ಮುಂದೆ ಹಿಡಿದು ಮೆಲ್ಲಗೆ ಕೇಳಿದ:

"ಹಲ್ಲು ಯಾವ ಕಡೆಗೆ ಬರ್ಬೇಕು, ಮಾವ?"

ಆ ದನಿಯಲ್ಲಿ ವ್ಯಂಗ್ಯವನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ. ಸಿಕ್ಕಿದ್ದರೆ ಮುದುಕ ಬದುಕಿಕೊಳ್ಳುತ್ತಿದ್ದ.

"ಕೆಳಗೆ," ಎಂದ, ನೆಲ ನೋಡುತ್ತ.