ಒಂದು ತುತ್ತು ತಿಂದು ಹೊರಡಿ

ಅಂಗಳದಲ್ಲಿ ಕತ್ತೆ ಮತ್ತೊಮ್ಮೆ ಮೈ ಕೊಡವಿತು, ಹೇರಿನ ಹಗ್ಗ ಕಿರ್ ಎಂದಿತು, ನಿನ್ನೆಯೂ ಹೀಗೇ ಹೇರಿ ಇಳಿಸಿದ್ದು, ಮೊನ್ನೆಯೂ ಅಷ್ಟೇ, ಈ ಮುದುಕ ಬಿಡುವ ಪೈಕಿಯಲ್ಲ ಎಂದು ಪಾಪ ಅದಕ್ಕೂ ತಿಳಿದುಹೋಗಿರಬೇಕು — ಬಿಸಿಲು ಇನ್ನೂ ಗೋಡೆಯ ಅರ್ಧಕ್ಕೆ ಇಳಿದಿಲ್ಲ, ಇಳಿಯಲಿ, ಇಳಿದರೆ ಸಾಕು, ಬಿಸಿಲೇರಿದ ಮೇಲೆ ಮದುವಣಗಿತ್ತಿಯನ್ನು ಕರೆದುಕೊಂಡು ಯೆರಿಕೋವಿನ ಬೋಳುಗುಡ್ಡಗಳಿಗೆ ಯಾರು ಇಳಿಯುತ್ತಾರೆ, ನಾಳೆ ನೋಡೋಣ ಎನ್ನುತ್ತಾರೆ, ಎನ್ನಲಿ. ಮಾಕಾ, ಇನ್ನೆರಡು ರೊಟ್ಟಿ ತಾರಮ್ಮ, ಬೀಗರ ಮುಂದೆ ಖಾಲಿಯಾಗಿದೆ. ಖಾಲಿಯಾಗಿಲ್ಲ. ಒಲೆಯ ಮುಂದಿನಿಂದ ನನ್ನ ಹಿರಿಯ ಸೊಸೆ ತಲೆಯೆತ್ತಿ ನೋಡಿದಳು, ತಂದಿಟ್ಟಳು. ಬೀಗ ಉಲಾಮ ಯೋರ್ದನ್ ಹೊಳೆಯಾಚೆಯ ಗಿಲ್ಯಾದಿನವನು, ನನ್ನ ಕೊನೆಯ ಮಗಳು ಅಟಾರಾಳನ್ನು ತನ್ನ ಮಗ ರೆಕೆಮನಿಗೆ ಹೆಂಡತಿಯಾಗಿ ಕರೆದುಕೊಂಡು ಹೋಗಲು ಅವನೊಡನೆಯೇ ಬಂದವನು, ಒಳ್ಳೆಯ ಮನುಷ್ಯ, ಅದೇ ಅವನ ಕಷ್ಟ. ಏಳಬೇಕೆಂದು ಮೊಣಕಾಲಿನ ಮೇಲೆ ಕೈ ಊರುತ್ತಾನೆ, ನಾನು ಇನ್ನೊಂದು ರೊಟ್ಟಿ ಮುರಿಯುತ್ತೇನೆ, ಬೀಗರೇ ಒಂದು ತುತ್ತು, ಒಂದು ತುತ್ತು ತಿಂದು ಹೊರಡಿ, ಅವನ ಕೈ ಮೊಣಕಾಲಿನಿಂದ ಜಾರಿ ಮಡಿಲಿಗೆ ಬರುತ್ತದೆ. ಮನೆಯ ಯಜಮಾನ ರೊಟ್ಟಿ ಮುರಿಯುತ್ತಿರುವಾಗ ನೆಂಟ ಏಳುವಂತಿಲ್ಲ, ನಮ್ಮ ಬೆತ್ಲೆಹೇಮಿನಲ್ಲಿ ಅದು ಅಜ್ಜಂದಿರ ಕಾಲದ ಮರ್ಯಾದೆ. ನಾನು ಮುರಿಯುತ್ತಲೇ ಇದ್ದೇನೆ.

ಒಳಗಿನಿಂದ ಬಾಚಣಿಗೆ ಎಳೆಯುವ ಸದ್ದು, ಅಟಾರಾಳ ಕೂದಲು, ಒಬ್ಬಳದೇ ಕೂದಲು ಈ ಮನೆಯಲ್ಲಿ ಬಾಚುವುದೆಂದರೆ ನಂಬುವುದು ಹೇಗೆ, ಇದೇ ಪಡಸಾಲೆಯಲ್ಲಿ ಸಾಲಾಗಿ ಕೂತಿರುತ್ತಿದ್ದರಲ್ಲ, ದೊಡ್ಡವಳ ಮುಂದೆ ಅವಳಿಗಿಂತ ಚಿಕ್ಕವಳು, ಅವಳ ಮುಂದೆ ಇನ್ನೂ ಚಿಕ್ಕವಳು, ಒಬ್ಬರ ಜಡೆ ಒಬ್ಬರ ಕೈಯಲ್ಲಿ, ಹಿಂದಿನವಳು ಸಿಟ್ಟಿನಲ್ಲಿ ಜಗ್ಗಿದರೆ ಆ ಜಗ್ಗು ಸಾಲಿನ ಕೊನೆಯವರೆಗೆ ಹರಿದುಹೋಗಿ ಎಲ್ಲಕ್ಕಿಂತ ಸಣ್ಣದು ಕಿರುಚುತ್ತಿತ್ತು — ಎಣ್ಣೆಯ ಕಮಟು, ಕಾಡಿಗೆಯ ಕರಡಿಗೆಗೆ ಜಗಳ, ಬಾವಿಗೆ ಹೋದ ಕೊಡಗಳು ಮರಳಿ ಬರುವ ಹೊತ್ತಿಗೆ ಅರ್ಧ ನೀರು ಒಬ್ಬರ ಮೇಲೊಬ್ಬರಿಗೆ. ಹಲವು ಹೆಂಡಿರ ಮೂವತ್ತು ಹೆಣ್ಣುಮಕ್ಕಳು ಎಂದು ಊರವರು ಹುಬ್ಬೇರಿಸುತ್ತಿದ್ದರು, ನನಗೆ ಹೆಸರುಗಳೇ ಬಾಯಿಗೆ ಬರುತ್ತಿರಲಿಲ್ಲ, ಹೆಲಾ, ಚಿಲ್ಲಾ, ಅಯ್ಯೋ ನೀನೇ ಕಣೆ, ಯಾರಾದರೂ ಒಬ್ಬಳು ನೀರು ತನ್ನಿ ಎಂದರೆ ಯಾರೂ ತರುತ್ತಿರಲಿಲ್ಲ, ಎಲ್ಲರೂ ನಗುತ್ತಿದ್ದರು. ಬೆಳಗಿನ ಜಾವಕ್ಕೆ ಬೀಸುಕಲ್ಲುಗಳು ಒಟ್ಟಿಗೆ ಗುರುಗುಟ್ಟುತ್ತಿದ್ದವು, ನಿದ್ದೆ ಹಾಳು ಎಂದು ಬೈಯುತ್ತಿದ್ದೆ, ಈಗ ಆ ಸದ್ದಿಲ್ಲದೆ ನಿದ್ದೆ ಹತ್ತುವುದಿಲ್ಲ. ಸೊಸೆಯಂದಿರೂ ಬೀಸುತ್ತಾರೆ, ನಾನೇ ಎಲ್ಲೆಲ್ಲಿಂದಲೋ ತಂದ ಸೊಸೆಯಂದಿರು, ಒಳ್ಳೆಯ ಹುಡುಗಿಯರು, ಆದರೆ ಆಶೇರ್ ಕುಲದವಳ ಹಾಡು ಬೇರೆ, ನಫ್ತಾಲಿಯವಳದು ಬೇರೆ, ಎಲ್ಲ ಸೇರಿ ಸಂತೆಯಾಗುತ್ತದೆಯೇ ಹೊರತು ಮನೆಯಾಗುವುದಿಲ್ಲ — ಛೆ, ಹಾಗನ್ನಬಾರದು. ಅವರೂ ಯಾವುದೋ ಪಡಸಾಲೆಯ ಸಾಲಿನಿಂದ ಎದ್ದು ಬಂದವರು.

ಮೊದಲು ಎದ್ದು ಹೋದವಳು ಯೆರಿಯೋತ್, ಎಫ್ರಾಯಿಮಿನ ಬೆಟ್ಟಕ್ಕೆ, ಅಂದು ಅವಳಮ್ಮ ಮೂರು ಸಲ ಗಂಟು ಕಟ್ಟಿ ಬಿಚ್ಚಿದಳು, ಉಪ್ಪು ಮರೆತೆ, ಜೀರಿಗೆ ಮರೆತೆ, ನಾನು ಚಾವಡಿಯಲ್ಲಿ ಕೂತು ಗದರಿಸಿದೆ, ಅಲ್ಲಿ ಉಪ್ಪು ಸಿಗಲ್ವೇನೇ, ಅದೇನು ಕಾಡೇ. ಅವಳು ತಿರುಗಿ ಅಂದಳು, ಕಾಡಾಗಿದ್ರೆ ವಾಸಿಯಿತ್ತು ಕಣ್ರೀ, ಕಾಡಲ್ಲಿ ಎಫ್ರಾಯಿಮಿನೋರು ಇರಲ್ಲ. ಹೌದು, ಆಗ ಎಫ್ರಾಯಿಮ್ ಎಂದರೆ ಹಾಗೆ ಇತ್ತು, ಗಿಲ್ಯಾದ್ ಎಂದರೂ ಹಾಗೆ, ಅಣ್ಣತಮ್ಮಂದಿರ ಮಕ್ಕಳಾದ ಆ ಎರಡು ಕುಲದವರು ಯೋರ್ದನ್ ಹೊಳೆ ದಾಟುವ ಹಾಯಗಡದಲ್ಲಿ ಒಬ್ಬರನ್ನೊಬ್ಬರು ಕಡಿದುಹಾಕಿ ಇನ್ನೂ ರಕ್ತ ಆರಿರಲಿಲ್ಲ. ನಾನು ಕಂಡಿದ್ದೇನೆ ಆ ಹಾಯಗಡ, ಜಳಕ್ಕೆ ಉಬ್ಬಿದ ಹೆಣಗಳು, ನೀರು ಅವುಗಳನ್ನು ಸುತ್ತಿಕೊಂಡು ತನ್ನ ಪಾಡಿಗೆ ಹೋಗುತ್ತಿತ್ತು, ಯಾವುದು ಯಾವ ಕುಲದ್ದೆಂದು ಹೇಳಲಿಕ್ಕೆ ಬಾರದು, ಎಲ್ಲಕ್ಕೂ ನಮ್ಮದೇ ಮೂಗು. ಊರಿಗೆ ಬಂದು ಊರಬಾಗಿಲ ಚಾವಡಿಯಲ್ಲಿ ಹಿರಿಯರ ಮುಂದೆ ಅಂದೆ, ನನ್ನ ಮನೆಯ ಹೆಣ್ಣು ಕುಲದೊಳಗೆ ಹೋಗುವುದಿಲ್ಲ, ಕುಲದೊಳಗಿನ ಹೆಣ್ಣು ನನ್ನ ಮನೆಗೆ ಬರುವುದಿಲ್ಲ. ಎಷ್ಟು ನಕ್ಕರು. ಯಾಕೋ ಇಬ್ಚಾನ, ನಮ್ಮ ಗಂಡುಹುಡುಗರಿಗೆ ಮೂಗಿಲ್ವೇನೋ. ಇಂದು ನಗುವುದಿಲ್ಲ. ಎಲ್ಲೇ ದೊಣ್ಣೆ ಎತ್ತಲಿ, ಎತ್ತಿದವನ ಎದುರಿಗೆ ನನ್ನ ಅಳಿಯನೋ ಮೊಮ್ಮಗನೋ ನಿಂತಿರುತ್ತಾನೆ, ಎತ್ತಿದವನಿಗೆ ಅವನು ಷಡ್ಡಕನೋ ಭಾವಮೈದುನನೋ ಆಗಿರುತ್ತಾನೆ, ದೊಣ್ಣೆ ಕೆಳಗಿಟ್ಟು ಅತ್ತಿಗೆ ಹೇಗಿದ್ದಾಳೆ ಎಂದು ಕೇಳಬೇಕಾಗುತ್ತದೆ. ನಾಡಿಗೆ ನ್ಯಾಯಾಧಿಪತಿ ನಾನು, ಆದರೂ ನ್ಯಾಯ ಹೇಳಿ ಅಲ್ಲ, ಮಕ್ಕಳನ್ನು ಕಳಿಸಿ ಈ ನಾಡನ್ನು ಸುಮ್ಮನಿರಿಸಿದ್ದೇನೆ. ಒಬ್ಬೊಬ್ಬಳು ಹೋದಾಗಲೂ ನಗುನಗುತ್ತಾ ಹರಸಿದೆ, ಯಾರ ಹೇರನ್ನೂ ಇಳಿಸಲಿಲ್ಲ.

ಈ ಅಟಾರಾಳದು ಯಾಕೆ ಇಳಿಸಿದೆ. ಇವಳಮ್ಮ ಇವಳನ್ನು ಹೆತ್ತು ಎದ್ದೇ ಇಲ್ಲ, ಅದಕ್ಕಿರಬಹುದು, ನಾನು ಚಾವಡಿಗೆ ಹೋಗುವಾಗ ಎತ್ತಿಕೊಂಡೇ ಹೋಗುತ್ತಿದ್ದೆ, ನನ್ನ ಹೊದಿಕೆಯ ಅಂಚಿನ ಮೇಲೆ ಮಲಗಿಸಿ ಕುರಿಯ ವ್ಯಾಜ್ಯ, ಗಡಿಕಲ್ಲಿನ ವ್ಯಾಜ್ಯ ಕೇಳುತ್ತಿದ್ದೆ, ಅವಳು ಎದ್ದರೆ ವ್ಯಾಜ್ಯ ನಿಲ್ಲುತ್ತಿತ್ತು, ಹಿರಿಯರು ಗೊಣಗುತ್ತಿದ್ದರು, ನ್ಯಾಯಸ್ಥಾನವೋ ತೊಟ್ಟಿಲೋ. ಸ್ವಲ್ಪ ದೊಡ್ಡವಳಾದಾಗ, ಎಷ್ಟಿರಬಹುದು, ಮುಂದಿನ ಹಲ್ಲು ಬಿದ್ದಿದ್ದ ಕಾಲ, ಬಾವಿಯ ಜಗಳದಲ್ಲಿ ಗೆದ್ದವನಿಗೆ ಪದ್ಧತಿಯಂತೆ ನನ್ನ ಚೀಲದ ರೊಟ್ಟಿ ಮುರಿದು ಕೊಟ್ಟೆ, ಅವಳು ಹೊದಿಕೆ ಜಗ್ಗಿದಳು, ಅಪ್ಪ, ಸೋತೋನಿಗೂ ಕೊಡು, ಅವನಿಗೂ ಹಸಿವಾಗಿರುತ್ತೆ. ಇಡೀ ಚಾವಡಿ ತಲೆ ತಗ್ಗಿಸಿತು. ಅಂದಿನಿಂದ ಇಬ್ಬರಿಗೂ ಕೊಡುತ್ತೇನೆ, ಇಬ್ಚಾನನ ನ್ಯಾಯ ಎಂದು ನಾಡೆಲ್ಲ ಹೊಗಳುತ್ತಾರೆ, ನನ್ನ ನ್ಯಾಯವಲ್ಲ ಅದು, ಹೊದಿಕೆ ಜಗ್ಗಿದ ಆ ಸಣ್ಣ ಕೈಯದು — ಎಷ್ಟು ಸಂಜೆ ಆ ಕೈ ಹಿಡಿದು ಮನೆಗೆ ಬಂದೆ, ಜವೆಗೋದಿಯ ಹೊಲದಂಚಿನಲ್ಲಿ, ಅವಳಿಗೆ ತೆನೆಗಳಷ್ಟೇ ಎತ್ತರ, ಅಪ್ಪ ಈ ತೆನೆಗೆ ಮೀಸೆ ಯಾಕಿದೆ. ಈ ವಾರವೂ ಜವೆಗೋದಿ ಹಣ್ಣಾಗಿದೆ, ಕುಡುಗೋಲು ಬಿದ್ದಿದೆ, ಗಾಳಿಯಲ್ಲಿ ಹೊಟ್ಟಿನ ವಾಸನೆ. ನಾಳೆಯಿಂದ ನಾನು ಒಬ್ಬನೇ ನಡೆದು ಬರಬೇಕು.

ನಾಳೆಯಿಂದಲ್ಲ, ಇಂದು ಕಳೆದರೆ ಸಾಕು, ಇದು ನನ್ನ ಲೆಕ್ಕ, ಕೊಯ್ಲಿನ ಕಾಲಕ್ಕೆ ಹೆರ್ಮೋನ್ ಬೆಟ್ಟದ ಹಿಮ ಕರಗಿ ಯೋರ್ದನ್ ದಂಡೆ ಮೀರುತ್ತದೆ, ಬೀಗರು ಬರುವಾಗ ಹಾಯಗಡದಲ್ಲಿ ಕತ್ತೆಯ ಮೊಣಕಾಲಿಗಿತ್ತು ಎಂದರು, ನಿನ್ನೆ ಯೆರಿಕೋವಿನ ಕಡೆಯಿಂದ ಬಂದ ಕುರುಬ ಹೊಟ್ಟೆಗೆ ಬಂದಿದೆ ಎಂದ, ನಾಳೆ ಮಧ್ಯಾಹ್ನ ಕಳೆದರೆ ಹಾಯಗಡವೇ ಕಾಣದು, ಆಮೇಲೆ ಗೋದಿಯ ಕೊಯ್ಲು ಮುಗಿಯುವತನಕ ಯಾರೂ ದಾಟುವ ಮಾತಿಲ್ಲ, ಹೊಳೆ ತಡೆದರೆ ನಾನೇನು ಮಾಡಲಿ ಬೀಗರೇ, ಇರಿ, ನಿಮ್ಮದೇ ಮನೆ. ಅಷ್ಟು ದಿನ. ಅಷ್ಟೇ ನಾನು ಕೇಳುವುದು. ಎಲ್ಲರನ್ನೂ ಕೊಟ್ಟವನಿಗೆ ಗೋದಿ ಹಣ್ಣಾಗುವಷ್ಟು ದಿನ. ನೀರು ತರುವ ನೆಪದಲ್ಲಿ ಮಾಕಾ ಬಗ್ಗಿದಳು, ಕಿವಿಯ ಹತ್ತಿರ, ಉಲಾಮನಿಗೆ ಕೇಳದಂತೆ, ಮಾವ, ನಾನು ಆ ಹೊಳೆ ಆಚೆಯೋಳು, ನಿಮ್ಮ ಕೈ ಯಾಕೆ ರೊಟ್ಟಿ ಮುರೀತಿದೆ ಅಂತ ನಂಗೆ ಗೊತ್ತು. ಗೊತ್ತಿದ್ರೆ ಸುಮ್ನಿರು. ಸುಮ್ನಿರ್ತಿದ್ದೆ, ಆದ್ರೆ ನಮ್ಮ ಗಿಲ್ಯಾದಿನೋರನ್ನ ನೀವು ತಿಳ್ಕೊಂಡಿಲ್ಲ, ಅವರ ಕೊಯ್ಲು ಹೊಲದಲ್ಲಿ ಉದುರ್ತಿದೆ, ಹೊಳೆ ತುಂಬಿದೆ ಅಂತ ವಾಪಸ್ ಬರೋ ಜನ ಅಲ್ಲ, ನಾಳೆ ಹೊರಟ್ರೆ ನಾಡಿದ್ದು ಆ ತುಂಬಿದ ಹೊಳೆಗೇ ಇಳೀತಾರೆ, ಹಗ್ಗ ಕಟ್ಕೊಂಡು ಇಳೀತಾರೆ, ನಮ್ಮಕ್ಕನ್ನ ಹಂಗೇ ಇಳಿಸಿದ್ರು. ಅವಳ ಅಕ್ಕ. ಇಷ್ಟು ವರ್ಷ ಈ ಮನೆಯಲ್ಲಿ ರೊಟ್ಟಿ ಸುಟ್ಟಳು, ಅಕ್ಕನ ಮಾತು ಒಮ್ಮೆಯೂ ಎತ್ತಿರಲಿಲ್ಲ, ನಾನು ಕೇಳಿರಲೂ ಇಲ್ಲ. ಏನಾಯಿತು ನಿಮ್ಮಕ್ಕನಿಗೆ ಎಂದು ಕೇಳುವ ಮೊದಲೇ ಕೊಡ ಎತ್ತಿಕೊಂಡು ಹೋದಳು. ಹೊಳೆ ಬಾಗಿಲು ಹಾಕುತ್ತದೆ ಎಂದುಕೊಂಡಿದ್ದೆ, ಹೊಳೆಗೆ ಬಾಗಿಲೆಲ್ಲಿದೆ. ಏಳಿ ಬೀಗರೇ ಎನ್ನಬೇಕು, ಈಗಲೇ, ಈಗ ಹೊರಟರೆ ಸಂಜೆಗೆ ಯೆರಿಕೋ, ಬೆಳಗ್ಗೆ ನೀರು ಏರುವ ಮುಂಚೆ ಹಾಯಗಡ, ಹೇಳು, ಇಬ್ಚಾನ, ಊರಿಗೆಲ್ಲ ನ್ಯಾಯ ಹೇಳುವವನೇ ಹೇಳು. ಬಾಯಿ ಅಂದದ್ದು ಬೇರೆ, ಬೀಗರೇ, ಅಂಜೂರದ ಉಂಡೆ ಇದೆ, ರುಚಿ ನೋಡದೆ ಹೋಗಬಾರದು. ಉಲಾಮ ಗೋಡೆಯ ಬಿಸಿಲು ನೋಡಿದ, ನನ್ನ ಕೈ ನೋಡಿದ, ಮೊಣಕಾಲಿಗೆ ಊರಿದ್ದ ಕೈಯನ್ನು ಮತ್ತೆ ಮಡಿಲಿಗಿಳಿಸಿದ.

ಬಾಗಿಲಲ್ಲಿ ನೆರಳು. ಅಟಾರಾ. ಅವಳಮ್ಮನ ಕೆಂಪು ಹೊದಿಕೆ, ನಡು ಬಿಗಿದು ಕಟ್ಟಿದ್ದಾಳೆ, ಮನೆಯೊಳಗೇ ಕಾಲಿಗೆ ಕೆರ, ಕೆರ ಯಾಕೆ ಮಗಳೇ ಒಳಗೆ, ಕೈಯಲ್ಲಿ ನನ್ನದೇ ಕೋಲು, ಚಾವಡಿಗೆ ಹೋಗುವಾಗ ಹಿಡಿಯುವ ಕೋಲು. ಬಂದಳು, ಕೂರಲಿಲ್ಲ. ಕೂತ್ಕೋ ಎಂದೆ. ಇಲ್ಲಪ್ಪ. ತುತ್ತಾದರೂ ತಿನ್ನು, ಬರಿಹೊಟ್ಟೆಯಲ್ಲಿ ಯಾರಾದರೂ ಹೋಗ್ತಾರಾ. ತಿಂತೀನಿ, ಕೊಡು. ಮುರಿದುಕೊಟ್ಟೆ, ನಿಂತೇ ತಗೊಂಡು ಕಚ್ಚಿದಳು, ಕೆರ ಮೆಟ್ಟಿಕೊಂಡು, ನಡುಕಟ್ಟಿಕೊಂಡು, ಕೋಲು ಹಿಡಿದುಕೊಂಡು — ಆಗ ಹೊಳೆಯಿತು ನನಗೆ, ನಮ್ಮ ಹಿರಿಯರು ಐಗುಪ್ತದ ದಾಸತ್ವ ಬಿಟ್ಟು ಹೊರಟ ರಾತ್ರಿ ಹೀಗೇ ತಿಂದದ್ದು, ಪ್ರತಿ ವಸಂತದಲ್ಲಿ ಇದೇ ಪಡಸಾಲೆಯಲ್ಲಿ ನಾನೇ ಮಕ್ಕಳನ್ನೆಲ್ಲ ನಿಲ್ಲಿಸಿ ತಿನ್ನಿಸುತ್ತಿದ್ದೆ, ಹೀಗೆ ತಿಂದವರನ್ನು ಕೂರಿಸುವ ಹಕ್ಕು ಅಲ್ಲಿನ ಅರಸ ಫರೋಹನಿಗೂ ಇರಲಿಲ್ಲ ಎಂದು ನಾನೇ ಹೇಳಿಕೊಟ್ಟಿದ್ದೆ. ಉಲಾಮನೂ ಕಂಡ, ಅವನೂ ನಮ್ಮ ದೇವರವನೇ ತಾನೆ, ತಟ್ಟನೆ ಎದ್ದು ನಿಂತ, ಅವನ ಮಗ ಎದ್ದ, ಅಂಗಳದ ಆಳುಗಳು ಹಗ್ಗ ಬಿಗಿದರು. ಅವಳು ನನ್ನ ಕಣ್ಣನ್ನೇ ನೋಡುತ್ತಿದ್ದಳು, ಸಿಟ್ಟಿಲ್ಲ, ಸಿಟ್ಟಿದ್ದರೆ ಹಗುರಾಗುತ್ತಿತ್ತು. ಅಕ್ಕಂದಿರನ್ನೆಲ್ಲ ಹೊತ್ತಿಗೆ ಸರಿಯಾಗಿ ಕಳಿಸಿದೆ, ನನ್ನನ್ನೂ ಕಳಿಸಪ್ಪ, ನೀರು ಏರ್ತಿದೆ. ಗೊತ್ತಿತ್ತು ಅವಳಿಗೆ. ಯಾವಾಗಿನಿಂದ, ಮೊನ್ನೆಯಿಂದಲೇ, ಮೊದಲ ಹೇರು ಇಳಿಸಿದಾಗಿನಿಂದಲೇ ಗೊತ್ತಿದ್ದು ಅಪ್ಪನಿಗೆ ಎರಡು ದಿನ ಬಿಟ್ಟುಕೊಟ್ಟಳೇ, ಎಷ್ಟು ಬಿಡಬಹುದೋ ಅಷ್ಟನ್ನು. ಎದ್ದು ತಲೆಯ ಮೇಲೆ ಕೈಯಿಟ್ಟೆ, ಹರಸುವ ಮಾತು ಅರ್ಧಕ್ಕೇ ನಿಂತಿತು, ಮಿಕ್ಕದ್ದನ್ನು ಉಲಾಮ ಹೇಳಿ ಮುಗಿಸಿದ. ಕೋಲನ್ನು ನನ್ನ ಕೈಗೆ ಕೊಟ್ಟು ಕೆನ್ನೆಗೆ ಕೆನ್ನೆ ತಾಗಿಸಿ ಹೊರಟೇಹೋದಳು.

ಕತ್ತೆಗಳ ಸದ್ದು ಇಳಿಜಾರಿನಲ್ಲಿ ತೆಳುವಾಯಿತು, ಈಗ ಕೇಳುವುದಿಲ್ಲ, ಕುಡುಗೋಲುಗಳದ್ದು ಮಾತ್ರ, ಮಾವ ತಟ್ಟೆ ಎತ್ತಲಾ ಎಂದು ಮಾಕಾ, ಎತ್ತಬೇಡ, ಇರಲಿ — ಸಂಜೆಗೆ ಯೆರಿಕೋ, ಬೆಳಗ್ಗೆ ಹಾಯಗಡ, ಹೊಟ್ಟೆಗೆ ಬಂದಿತ್ತು ಎಂದನಲ್ಲ ಕುರುಬ, ಅದು ನಿನ್ನೆಯ ಮಾತು, ನಾನು ಕದ್ದ ಎರಡು ದಿನದಲ್ಲಿ ಎಷ್ಟು ಏರಿತೋ, ರೆಕೆಮ ಗಟ್ಟಿಮುಟ್ಟಾಗಿದ್ದಾನೆ, ಹಿಡಿದುಕೊಳ್ಳುತ್ತಾನೆ, ಹಿಡಿದುಕೊಂಡೇ ಇರುತ್ತಾನೆ, ಮೊಣಕಾಲಿಗಿದ್ದಾಗಲೇ ಕಳಿಸಬಹುದಿತ್ತು — ಚಾಪೆಯ ಮೇಲೆ, ತಟ್ಟೆಯ ಅಂಚಿನಲ್ಲಿ ಅವಳಿಗೆ ಕೊಟ್ಟ ರೊಟ್ಟಿ, ಒಂದೇ ತುತ್ತು ಕಚ್ಚಿ ಇಟ್ಟಿದ್ದಾಳೆ, ಕಚ್ಚಿದ ಕಡೆ ಅರ್ಧಚಂದ್ರದ ಹಾಗೆ ಹಲ್ಲಿನ ಗುರುತು, ಇನ್ನೂ ಒದ್ದೆ, ಬಿಸಿಲು ಗೋಡೆ ಇಳಿದು ಚಾಪೆಗೆ ಬರುತ್ತಿದೆ, ಬಂದರೆ ಒಣಗುತ್ತದೆ, ಕೈ ಅಡ್ಡ ಹಿಡಿದಿದ್ದೇನೆ, ನಾಳೆ ಇಷ್ಟು ಹೊತ್ತಿಗೆ ನೀರಿನಲ್ಲಿ — ಇಲ್ಲ, ಹಲ್ಲಿನ ಗುರುತು, ಒಂದೊಂದು ಹಲ್ಲೂ ಬೇರೆ ಬೇರೆ ಕಾಣುತ್ತದೆ, ಇನ್ನೂ ಒದ್ದೆ, ಹಲ್ಲಿನ ಗುರುತು.